ಭೀಮ ಊಟ ಬಿಟ್ಟ ಹನ್ನೊಂದು ದಿನ

ಈ ಕಡೆ ತಲೆ ಹಾಕದೆ ನಾಲ್ಕು ತಿಂಗಳ ಮೇಲಾಯಿತು. ಮೇಲ್ ಮಾಡಿ "ಎಲ್ಲಿ ಮಾಯವಾದಿರಿ?" ಎಂದು ಕೇಳಿದವರಿಗೆಲ್ಲ "ಕೆಲಸ ಜಾಸ್ತಿ" ಅಂತ ಉತ್ತರ ಕೊಟ್ಟಿದ್ದೆ. ಅದು ಅರ್ಧ ಸತ್ಯ. ಉಳಿದರ್ಧ ಹೇಳಿದರೆ ನೀವು ನಗುತ್ತೀರಿ ಅಂತ ಹೇಳಿರಲಿಲ್ಲ. ಇವತ್ತು ಹೇಳಿಬಿಡುತ್ತೇನೆ. ಫೆಬ್ರವರಿಯಲ್ಲಿ ನಮ್ಮನೆ ಗೋಸುಂಬೆ ಊಟ ಬಿಟ್ಟಿತ್ತು!

ನಕ್ಕಿದ್ದಾಯ್ತಾ? ಸರಿ, ಮುಂದೆ ಓದಿ :-)

ಗೋಸುಂಬೆ ನಾನು ಸಾಕಿದ್ದಲ್ಲ. ಡಲ್ಲಾಸ್ ಪಕ್ಕದ ಈ ಇರ್ವಿಂಗ್ ಊರಿನಲ್ಲಿ ನನ್ನ ಜೊತೆ ಎರಡು ವರ್ಷ ಒಂದೇ ಮನೆಯಲ್ಲಿದ್ದ ಗೆಳೆಯನದ್ದು. ನಾನು ಕನಕಪುರದ ಕಡೆಯವನು, ಅವನು ಬೆಂಗಳೂರಿನ ಬಸವನಗುಡಿಯವನು. ಕಳೆದ ಬೇಸಿಗೆಯಲ್ಲಿ ಸರೀಸೃಪಗಳ ಸಂತೆಯೊಂದಕ್ಕೆ ಹೋದವನು ಅಂಗೈಯಗಲದ ಹಸಿರು ಮರಿಯೊಂದನ್ನು ರಟ್ಟಿನ ಡಬ್ಬಿಯಲ್ಲಿ ಹಿಡಿದುಕೊಂಡು ಬಂದ. ಮಾರಿದವನು "ಗಂಡು" ಅಂದಿದ್ದನಂತೆ. ಸಿಕ್ಕಿದ್ದನ್ನೆಲ್ಲ ನುಂಗುತ್ತಿತ್ತು ಅಂತ ಭೀಮ ಎಂದು ಹೆಸರಿಟ್ಟ. ಇಲ್ಲಿ ಇದನ್ನು ವೇಲ್ಡ್ ಕೆಮೀಲಿಯನ್ ಅನ್ನುತ್ತಾರೆ. ಮೂಲ ಯೆಮನ್ ಮತ್ತು ಸೌದಿ ಅರೇಬಿಯಾದ ನೈರುತ್ಯ ಮೂಲೆ. ತಲೆ ಮೇಲೆ ಕಿರೀಟದಂಥ ಜುಟ್ಟು, ಒಂದೊಂದು ಕಡೆಗೆ ಒಂದೊಂದು ತಿರುಗುವ ಕಣ್ಣು, ಮೈಯುದ್ದಕ್ಕಿಂತ ಉದ್ದದ ನಾಲಗೆ.

ಡಿಸೆಂಬರಿಗೆ ಮುಂಚೆ ಅವನ ಕೆಲಸ ಹೋಯಿತು. ಹದಿನೈದು ನಿಮಿಷದ ವಿಡಿಯೋ ಕಾಲ್‌ನಲ್ಲಿ ಮುಗಿದ ಕಥೆ ಅದು. ಎಚ್-1ಬಿ ವೀಸಾದವರಿಗೆ ಕೆಲಸ ಹೋದ ಮೇಲೆ ಸಿಗುವುದು ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಬೇರೆ ಕಂಪನಿ ಹಿಡಿಯಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಅವನು ಅರವತ್ತು ದಿನವೂ ಹುಡುಕಿದ. ಸಿಗಲಿಲ್ಲ. ಜನವರಿಯ ಮಧ್ಯದಲ್ಲಿ ಎರಡು ಸೂಟ್‌ಕೇಸ್ ಹಿಡಿದು ವಿಮಾನ ಹತ್ತಿದ. ಕಾರು ಮಾರಿದ, ಹಾಸಿಗೆ ದಾನ ಕೊಟ್ಟ, ಕುಕ್ಕರು ನನಗೆ ಬಿಟ್ಟ. ಭೀಮನನ್ನು ಏನು ಮಾಡುವುದು? ಈ ಜಾತಿ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿದೆ, ಪರವಾನಗಿ ಇಲ್ಲದೆ ಗಡಿ ದಾಟಿಸುವ ಹಾಗಿಲ್ಲ. "ಕೆಲಸ ಸಿಕ್ಕಿ ವಾಪಸ್ ಬರೋವರೆಗೂ ನೋಡ್ಕೋ ಮಾರಾಯ" ಅಂದ. ಕೈಯಲ್ಲಿ ಒಂದು ಎಕ್ಸೆಲ್ ಶೀಟ್ ಇಟ್ಟ. ಅಪ್ಪಟ ಸಾಫ್ಟ್‌ವೇರ್ ಜನರ ಕೆ.ಟಿ! ಬೆಳಿಗ್ಗೆ ಎಷ್ಟು ಹೊತ್ತಿಗೆ ದೀಪ, ಎಷ್ಟು ಸಲ ನೀರು, ದಿನಕ್ಕೆ ಎಷ್ಟು ಹುಳ, ಕ್ಯಾಲ್ಸಿಯಂ ಪುಡಿ ಯಾವಾಗ. ಕೊನೆಯ ಸಾಲಿನಲ್ಲಿ ದಪ್ಪಕ್ಷರದಲ್ಲಿ, "ದಿನಾ ಒಂದು ಸಲ ಮಾತಾಡಿಸು".

ನಿಜ ಹೇಳಬೇಕೆಂದರೆ ನನಗೆ ಅದನ್ನು ಕಂಡರೆ ಒಂಥರಾ. ನಮ್ಮೂರಿನಲ್ಲಿ ಹುಡುಗರಿಗೆ ಭಾನುವಾರದ ಕೆಲಸವೇ ಬೇಲಿ ಸಾಲಿನಲ್ಲಿ ಓತಿಕ್ಯಾತಕ್ಕೆ ಕಲ್ಲು ಹೊಡೆಯುವುದಾಗಿತ್ತು. ತಲೆ ಆಡಿಸಿ ನಮ್ಮನ್ನು ಅಣಕಿಸುತ್ತದೆ ಅನ್ನುವುದು ಅದರ ಮೇಲಿನ ಆಪಾದನೆ. ಗೋಸುಂಬೆ ಅಪರೂಪಕ್ಕೆ ಕಾಣುತ್ತಿತ್ತು. ಕಂಡರೆ ಇನ್ನೂ ಕಷ್ಟ, ಅದಕ್ಕೆ ವಿಷ ಇದೆ, ನೋಡಿದರೆ ಶನಿ ಅಂತೆಲ್ಲ ಹೇಳಿ ದೊಡ್ಡವರೇ ಕೋಲು ತರುತ್ತಿದ್ದರು. ಒಂದು ಸಲ ಹೊಂಗೆ ಮರದಿಂದ ಇಳಿದು ರಸ್ತೆ ದಾಟುತ್ತಿದ್ದ ಒಂದನ್ನು ನಾವು ನಾಲ್ಕು ಜನ ಸುತ್ತುವರಿದಿದ್ದೆವು. ಅದು ಓಡಲಿಲ್ಲ. ಅದಕ್ಕೆ ಓಡಲು ಬರುವುದಿಲ್ಲ. ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ, ಗಾಳಿಗೆ ಅಲ್ಲಾಡುವ ಎಲೆಯ ಹಾಗೆ ತೂಗುತ್ತ ನಡೆಯಿತು. ಮೈಯೆಲ್ಲ ಕಪ್ಪಗೆ ಮಾಡಿಕೊಂಡು ಬಾಯಿ ತೆರೆಯಿತು. ಮೊದಲ ಕಲ್ಲು ನನ್ನದೇ. ಮುಂದಿನದ್ದು ಬರೆಯುವುದಿಲ್ಲ. ಅದಕ್ಕೆ ಹಲ್ಲಿಯಷ್ಟೂ ವಿಷ ಇಲ್ಲ, ಹಲ್ಲಿಗೂ ಇಲ್ಲ ಅನ್ನಿ, ಮತ್ತು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಕೊಲ್ಲುವುದಿರಲಿ, ಹಿಡಿದು ಸಾಕುವುದೂ ಅಪರಾಧ ಎಂದು ಗೊತ್ತಾಗಿದ್ದು ಇಂಜಿನಿಯರಿಂಗ್ ಮುಗಿದ ಮೇಲೆ.

ಹಾಗಾಗಿ ಕೆ.ಟಿ. ಆದ ಮೇಲೆ ಮೊದಲ ಎರಡು ವಾರ ಭೀಮನಿಗೂ ನನಗೂ ಇದ್ದದ್ದು ಬಾಡಿಗೆದಾರ-ಮಾಲೀಕರ ಸಂಬಂಧ. ಪಂಜರವನ್ನು ಗೆಳೆಯನ ಕೋಣೆಯಿಂದ ಹಾಲ್‌ಗೆ, ನನ್ನ ಮೇಜಿನ ಪಕ್ಕಕ್ಕೆ ತಂದಿಟ್ಟೆ. ಬೆಳಿಗ್ಗೆ ಹನ್ನೆರಡು ಕ್ರಿಕೆಟ್ ಹುಳ (ನಮ್ಮ ಚಿಮ್ಮಂಡೆ) ಬಿಡುವುದು, ಅವನು ನಾಲಗೆ ಚಾಚಿ "ಪಟ್" ಅಂತ ಎಳೆದುಕೊಳ್ಳುವುದು, ನಾನು ಸ್ಟ್ಯಾಂಡಪ್ ಮೀಟಿಂಗಿಗೆ ಕೂರುವುದು.

ಫೆಬ್ರವರಿಯ ಮೊದಲ ಸೋಮವಾರ ಅವನು ತಿನ್ನಲಿಲ್ಲ. ಹುಳ ಮುಂದೆಯೇ ಹೋಯಿತು, ಒಂದು ಕಣ್ಣು ಅದರ ಹಿಂದೆ ತಿರುಗಿತು, ಅಷ್ಟೇ. ಮಂಗಳವಾರವೂ ಇಲ್ಲ. ಬುಧವಾರವೂ ಇಲ್ಲ.

ರಾತ್ರಿ ಗೆಳೆಯನ ಮೆಸೇಜು, ದಿನಾ ಬರುವುದೇ: "ತಿಂದನಾ?"

ನಾನು "ತಿಂದ" ಅಂತ ಬರೆದೆ. ಯಾಕೆ ಹಾಗೆ ಬರೆದೆ ಅಂತ ಈಗಲೂ ಕೇಳಿಕೊಳ್ಳುತ್ತೇನೆ. ಕೆಲಸ ಕಳಕೊಂಡು ಊರಿಗೆ ಹೋಗಿ ಕೂತವನಿಗೆ ಇದೊಂದು ಬೇರೆ ಯಾಕೆ, ನಾಳೆ ತಿಂದೇ ತಿನ್ನುತ್ತಾನೆ, ಆಗ ಇವತ್ತಿನದು ಸುಳ್ಳಾಗುವುದಿಲ್ಲ... ಹೀಗೆ ಏನೋ ಲೆಕ್ಕ.

ನಾಲ್ಕನೇ ದಿನ ನಮ್ಮ ಕಸುಬಿನ ಬುದ್ಧಿ ಓಡಿಸಿದೆ. ಪ್ರೊಡಕ್ಷನ್‌ನಲ್ಲಿ ಏನಾದರೂ ಕೆಟ್ಟರೆ ಮೊದಲು ಕೇಳುವುದೇನು? ಇತ್ತೀಚೆಗೆ ಏನು ಬದಲಾಯಿತು? ಬದಲಾಗಿದ್ದು ಜಾಗ. ಈ ಪ್ರಾಣಿ ಒಂಟಿ ಜೀವ, ಯಾರಾದರೂ ಮೇಲಿನಿಂದ ನೋಡಿದರೂ, ಗಾಜಿನಲ್ಲಿ ತನ್ನದೇ ಬಿಂಬ ಕಂಡರೂ ಕಂಗಾಲಾಗುತ್ತದೆ. ಹಾಲ್‌ನಲ್ಲಿ ಪಂಜರದ ಎದುರಿಗೇ ನನ್ನ ಮಾನಿಟರ್! ರಾತ್ರಿ ಹತ್ತರವರೆಗೂ ಬೆಳಕು ಬೇರೆ. ಪಂಜರವನ್ನು ಎತ್ತಿ ಮತ್ತೆ ಹಳೆ ಕೋಣೆಯ ಮೂಲೆಗೆ, ಎದೆಯೆತ್ತರದ ಮೇಜಿನ ಮೇಲಿಟ್ಟೆ. ಎಲೆ ಗಿಡಗಳನ್ನು ಒತ್ತೊತ್ತಾಗಿ ಜೋಡಿಸಿದೆ. ಏನೂ ಆಗಲಿಲ್ಲ.

ಆಮೇಲೆ ಬಿಸಿ. ಇದರ ರಕ್ತ ತಾನಾಗಿ ಬಿಸಿಯಾಗುವುದಿಲ್ಲ, ಹೊರಗಿನ ಬಿಸಿಲೇ ಅದರ ಒಲೆ. ಒಲೆ ಉರಿಯದಿದ್ದರೆ ಹೊಟ್ಟೆಯಲ್ಲಿರುವುದು ಅರಗುವುದಿಲ್ಲ, ಅರಗದಿದ್ದರೆ ಹಸಿವಿಲ್ಲ. ಬಿಸಿ ಅಳೆಯುವ ಗನ್ ತಂದು ಕೊಂಬೆಗೆ ಹಿಡಿದೆ. 95 ಡಿಗ್ರಿ ಫ್ಯಾರನ್‌ಹೀಟ್, ಶೀಟ್‌ನಲ್ಲಿ ಬರೆದಷ್ಟೇ. ಆಮೇಲೆ ಅತಿನೇರಳೆ ದೀಪ. ಅದು ಕಣ್ಣಿಗೆ ಉರಿಯುತ್ತಿರುವಂತೆ ಕಂಡರೂ ಒಳಗಿನ ಯುವಿ-ಬಿ ತಿಂಗಳುಗಳು ಕಳೆದಂತೆ ಸೊರಗುತ್ತದೆ. ಅದಿಲ್ಲದೆ ಚರ್ಮದಲ್ಲಿ ಡಿ-3 ತಯಾರಾಗದು, ಕ್ಯಾಲ್ಸಿಯಂ ಮೂಳೆಗೆ ಹೋಗದು, ಕಾಲು ಬಿಲ್ಲಿನಂತೆ ಬಾಗುತ್ತವೆ. ನಮ್ಮದು ಏಳು ತಿಂಗಳಾಗಿತ್ತು. ಹೊಸದು ಹಾಕಿದೆ. ಆಮೇಲೆ ನೀರು. ಇದು ಬಟ್ಟಲಿನ ನೀರನ್ನು ಮೂಸಿಯೂ ನೋಡುವುದಿಲ್ಲ, ಎಲೆ ಮೇಲಿನ ಹನಿಯನ್ನೇ ನೆಕ್ಕಬೇಕು. ಸಾಕಷ್ಟು ಕುಡಿಯುತ್ತಿದೆಯಾ ಎಂದು ತಿಳಿಯಲು ಅದರ ಹಿಕ್ಕೆ ನೋಡಬೇಕು. ಜೊತೆಗಿರುವ ಗಟ್ಟಿ ಭಾಗ ಬೆಳ್ಳಗಿದ್ದರೆ ಸರಿ, ಕಿತ್ತಳೆ ಬಣ್ಣಕ್ಕೆ ತಿರುಗಿದ್ದರೆ ನೀರು ಸಾಲದು. ಬಿ.ಇ. ಓದಿಸಿದ ಅಪ್ಪ ನೋಡಿದ್ದರೆ ಏನನ್ನುತ್ತಿದ್ದರೋ, ಭೂತಗನ್ನಡಿ ಹಿಡಿದು ಹಿಕ್ಕೆ ಪರೀಕ್ಷೆ ಮಾಡಿದೆ. ಬೆಳ್ಳಗೇ ಇತ್ತು. ಬಾಯಿ ತೆರೆದು ಸಿಟ್ಟು ತೋರಿಸಿದಾಗ ಒಳಗೆ ಇಣುಕಿ ನೋಡಿದೆ. ಕೀವು, ಹುಣ್ಣು ಇಲ್ಲ.

ಕೊನೆಗೆ ಉಳಿದದ್ದು ಊಟದ ಬೇಸರ. ದಿನಾ ಉಪ್ಪಿಟ್ಟು ಹಾಕಿದರೆ ನಾವೂ ಮುನಿಸಿಕೊಳ್ಳುವುದಿಲ್ಲವೇ? ಬೇರೆ ಏನಾದರೂ ಕೊಡೋಣ ಎಂದು ಹುಡುಕಿದರೆ ಪಟ್ಟಿಯಲ್ಲಿ ಕಂಡಿದ್ದು ರೇಷ್ಮೆ ಹುಳ! ಕನಕಪುರದವನು ಡಲ್ಲಾಸ್‌ನಲ್ಲಿ ಕೂತು ದುಡ್ಡು ಕೊಟ್ಟು ರೇಷ್ಮೆ ಹುಳ ತರಿಸುವುದೇ? ತರಿಸಿದೆ. ಇಪ್ಪತ್ತೈದು ಹುಳ, ಜೊತೆಗೆ ಹಿಪ್ಪುನೇರಳೆ ಸೊಪ್ಪನ್ನು ರುಬ್ಬಿ ಮಾಡಿದ ಮುದ್ದೆ. ಡಬ್ಬಿ ತೆಗೆದ ಕೂಡಲೇ ಬಂದ ಆ ವಾಸನೆ ನನ್ನನ್ನು ನೇರ ನಮ್ಮ ಹುಳದ ಮನೆಗೆ ಕರಕೊಂಡು ಹೋಯಿತು.

ಒಂಬತ್ತನೇ ತರಗತಿಯವರೆಗೂ ನಾನು ಮಲಗಿದ್ದು ಹುಳದ ತಟ್ಟೆಗಳ ಪಕ್ಕದಲ್ಲಿ. ನಾಲ್ಕನೇ ಜ್ವರ ಎದ್ದ ಹುಳ ಸೊಪ್ಪು ತಿನ್ನುವ ಸದ್ದು, ಹಂಚಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ, ರಾತ್ರಿಯೆಲ್ಲ. ಗೂಡು ಕಟ್ಟಿದ ಮೇಲೆ ಅಪ್ಪ ರಾಮನಗರದ ಮಾರುಕಟ್ಟೆಗೆ ಹೋಗಿ ಬರುತ್ತಿದ್ದರು. ಬಂದ ದಿನ ಅವರ ಮುಖ ನೋಡಿದರೆ ಆ ವರ್ಷ ಫೀಸು ಕಟ್ಟುತ್ತಾರೋ ಇಲ್ಲವೋ ಗೊತ್ತಾಗುತ್ತಿತ್ತು.

ಆ ಹುಳವನ್ನೂ ಭೀಮ ತಿನ್ನಲಿಲ್ಲ. ಎಂಟನೇ ದಿನ. ಈಗ ಹೊಸ ಚಾಳಿ ಶುರುವಾಗಿತ್ತು. ಯಾವತ್ತೂ ಮೇಲಿನ ಕೊಂಬೆಯಲ್ಲಿರುತ್ತಿದ್ದವನು ಕೆಳಗಿಳಿದು ಪಂಜರದ ನೆಲದಲ್ಲಿ ಓಡಾಡುವುದು, ಮೂಲೆಗಳನ್ನು ಪರಪರ ಕೆರೆಯುವುದು. ತಪ್ಪಿಸಿಕೊಂಡು ಹೋಗಲು ನೋಡುತ್ತಿದ್ದಾನೆ ಅಂದುಕೊಂಡೆ. ಬಣ್ಣವೂ ಬದಲಾಗಿತ್ತು. ತಿಳಿ ಹಸಿರು ಹೋಗಿ ಕಡು ಹಸಿರು, ಅದರ ಮೇಲೆ ಹಳದಿ ಮತ್ತು ನೀಲಿ ಚುಕ್ಕಿ. ಮೊದಲಿಗಿಂತ ಚೆನ್ನಾಗಿ ಕಾಣಿಸುತ್ತಿದ್ದ, ಅದೇ ನನಗೆ ಭಯ.

ಒಂದು ಮಾತು ಇಲ್ಲಿ ಹೇಳಬೇಕು. ಗೋಸುಂಬೆ ಕೂತ ಜಾಗದ ಬಣ್ಣ ತಾಳುತ್ತದೆ ಅಂತ ನಾವೆಲ್ಲ ನಂಬಿದ್ದೇವೆ. ಪಕ್ಷ ಬಿಟ್ಟು ಪಕ್ಷಕ್ಕೆ ಹಾರುವವರಿಗೆ ಪೇಪರಿನವರು ಅದರ ಹೆಸರನ್ನೇ ಇಟ್ಟಿದ್ದಾರೆ. ಅದು ಅನ್ಯಾಯ. ಕೆಂಪು ಬಟ್ಟೆ ಮೇಲಿಟ್ಟರೆ ಅದು ಕೆಂಪಾಗುವುದಿಲ್ಲ. ಚಳಿಯಾದರೆ ಬಿಸಿಲು ಹೀರಲು ಕಪ್ಪಾಗುತ್ತದೆ, ಸಿಟ್ಟು ಬಂದರೆ ಒಂದು ಬಣ್ಣ, ಭಯಕ್ಕೆ ಒಂದು, ಸಂಗಾತಿ ಬೇಕಾದರೆ ಒಂದು, "ಹತ್ತಿರ ಬರಬೇಡ" ಅನ್ನಲು ಇನ್ನೊಂದು. ಚರ್ಮದೊಳಗಿನ ಗ್ವಾನಿನ್ ಎಂಬ ವಸ್ತುವಿನ ಅತಿಸಣ್ಣ ಹರಳುಗಳ ನಡುವಿನ ಅಂತರ ಬದಲಾಗಿ ಹೀಗಾಗುತ್ತದೆ ಎಂದು ಜಿನೀವಾದ ವಿಜ್ಞಾನಿಗಳು 2015ರಲ್ಲಿ ಇದರದೇ ಬಳಗದ ಪ್ಯಾಂಥರ್ ಗೋಸುಂಬೆಯಲ್ಲಿ ತೋರಿಸಿದರು. ಅಂದರೆ ಅದು ಮೋಸಗಾರನಲ್ಲ, ಮನಸ್ಸಿನಲ್ಲಿರುವುದನ್ನು ಮೈಮೇಲೆ ಬರೆದುಕೊಂಡು ಓಡಾಡುವ ಪ್ರಾಣಿ. ಓದಲು ಬಾರದ್ದು ನಮಗೆ. ಭೀಮ ಎಂಟು ದಿನದಿಂದ ಚುಕ್ಕಿ ಚುಕ್ಕಿಯಾಗಿ ಬರೆದು ತೋರಿಸುತ್ತಿದ್ದದ್ದನ್ನು ನಾನು ಓದಿರಲಿಲ್ಲ.

ಓದಿದ್ದು ಅವ್ವ. ಅದೂ ಫೋನಿನಲ್ಲಿ, ಹದಿನೈದು ಸಾವಿರ ಕಿಲೋಮೀಟರು ದೂರದಿಂದ.

"ಉಂಡ್ಯಾ ಮಗ?" ಅಂತ ಯಾವತ್ತಿನಂತೆ ಶುರು ಮಾಡಿದಳು. ನನ್ನ ದನಿ ಕೇಳಿ ಏನೋ ಇದೆ ಅಂತ ಹಿಡಿದಳು. ಸುಮ್ಮನೆ ಹೇಳಿಬಿಟ್ಟೆ. ಮನೆಯಲ್ಲಿ ಗೋಸುಂಬೆ ಇದೆ ಅಂದಿದ್ದಕ್ಕೆ ಮೊದಲು ಐದು ನಿಮಿಷ ಬೈಗುಳ. "ಥೂ, ಆ ಶನಿನ ಮನೇಲಿಕ್ಕೊಂಡಿದ್ದೀಯಲ್ಲೋ! ದುಡ್ಡು ಕೊಟ್ಟು ಸಾಕ್ತಾರಾ ಅದ್ನ?" ಆಮೇಲೆ ತಡೆಯಲಾರದೆ ಕೇಳಿದಳು, "ಎಷ್ಟ್ ದಿನ್ದಿಂದ ತಿಂದಿಲ್ಲ?"

"ಎಂಟು ದಿನ ಆಯ್ತವ್ವ. ರೇಷ್ಮೆ ಹುಳ ತರ್ಸಿ ಹಾಕ್ದೆ, ಅದ್ನೂ ಮುಟ್ಲಿಲ್ಲ."

"ಬಿದ್ಕಂಡದಾ, ಓಡಾಡ್ತದಾ?"

"ಓಡಾಡ್ತದೆ. ಕೆಳಗಿಳ್ದು ಮೂಲೆ ಮೂಲೆ ಕೆರೀತದೆ."

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಹಿಂದೆ ಕುಕ್ಕರ್ ಕೂಗಿದ್ದು ಕೇಳಿಸಿತು.

"ಅಲ್ವೋ, ಹುಳದ್ ಮನೇಲೇ ಬೆಳ್ದೋನು ನೀನು. ಹುಳ ಮೇವು ಬಿಟ್ರೆ ಏನಂತ ಅರ್ಥ? ಒಂದು, ಜ್ವರಕ್ಕೆ ಕೂತದೆ. ಇಲ್ಲಾ, ಹಣ್ಣಾಗದೆ. ಹಣ್ಣಾದ ಹುಳಕ್ಕೆ ಬುಟ್ಟಿಗಟ್ಲೆ ಸೊಪ್ಪು ಸುರಿದ್ರೂ ತಿಂತದಾ? ತಲೆ ಎತ್ಕಂಡು ಜಾಗ ಹುಡುಕ್ತದೆ. ಚಂದ್ರಂಕಿಗೆ ಬಿಡ್ಬೇಕು. ಮೊಟ್ಟೆಗೆ ಬಂದ ಹ್ಯಾಟೆ ಮೂಲೆ ಕೆರ್ಯಲ್ವಾ? ಹಂಗೇ ಏನಾರಾ ಇರ್ಬೈದು. ಅದೇನು ಹೆಣ್ಣೋ ಗಂಡೋ?"

"ಗಂಡು ಅವ್ವ."

"ಯಾರ್ ಹೇಳಿದ್ರು?"

ಮಾರಿದವನು ಹೇಳಿದ್ದು! ಫೋನ್ ಹಿಡಿದುಕೊಂಡೇ ಟಾರ್ಚ್ ಹಾಕಿ ಪಂಜರದ ಹತ್ತಿರ ಹೋದೆ. ಈ ಜಾತಿಯ ಗಂಡಿಗೆ ಹಿಂಗಾಲಿನ ಹಿಮ್ಮಡಿಯಲ್ಲಿ ಹುಟ್ಟುವಾಗಲೇ ಸಣ್ಣ ಮುಳ್ಳಿನಂಥ ಗಂಟು ಇರುತ್ತದೆ, ಹೆಣ್ಣಿಗೆ ಇರುವುದಿಲ್ಲ. ನಾನೂ ಓದಿದ್ದೆ, ನೋಡುವ ಅಗತ್ಯ ಅಂತ ಅನ್ನಿಸಿರಲಿಲ್ಲ. ಶೀಟ್‌ನ ಮೊದಲ ಸಾಲಿನಲ್ಲೇ "ಲಿಂಗ: ಗಂಡು" ಅಂತ ಇತ್ತಲ್ಲ. ಎಡಗಾಲು ನೋಡಿದೆ. ಬಲಗಾಲು ನೋಡಿದೆ. ನುಣ್ಣಗಿತ್ತು.

"ಅವ್ವಾ... ಹೆಣ್ಣು."

"ಮತ್ತೆ!" ಅಂದಳು ಅವ್ವ. ಆ "ಮತ್ತೆ"ಯಲ್ಲಿದ್ದ ಗೆಲುವು, ಆಹಾ.

ಗಂಡಿಲ್ಲದೆ ಮೊಟ್ಟೆ ಹೇಗೆ ಅನ್ನಬೇಡಿ. ಫಾರಂ ಕೋಳಿ ಇಡುವುದಿಲ್ಲವೇ? ಇದೂ ಹಾಗೆಯೇ. ಗಂಡಿನ ಮುಖವನ್ನೇ ನೋಡದ ಹೆಣ್ಣು ಗೋಸುಂಬೆಯೂ ಬೆಳೆದ ಮೇಲೆ ಮರಿಯಾಗದ ಮೊಟ್ಟೆಗಳನ್ನು ತುಂಬಿಕೊಳ್ಳುತ್ತದೆ. ಕಡು ಮೈಮೇಲೆ ಹಳದಿ-ನೀಲಿ ಚುಕ್ಕಿ ಬರುವುದು ಆಗಲೇ. ತೊಂದರೆ ಇರುವುದು ಮುಂದೆ. ಮೊಟ್ಟೆಯನ್ನು ಅದು ಎಲ್ಲೆಂದರಲ್ಲಿ ಉದುರಿಸುವುದಿಲ್ಲ. ಹಸಿ ಮಣ್ಣು ಬೇಕು, ತನ್ನ ಮೈ ಮುಳುಗುವಷ್ಟು ಸುರಂಗ ತೋಡಬೇಕು, ಯಾರೂ ನೋಡುತ್ತಿರಬಾರದು. ಜಾಗ ಸಿಗದಿದ್ದರೆ ಒಳಗೇ ಹಿಡಿದಿಟ್ಟುಕೊಳ್ಳುತ್ತದೆ. ಸಾಕಿದ ಹೆಣ್ಣುಗಳು ಸಾಯುವುದು ಹೆಚ್ಚಾಗಿ ಹೀಗೇ ಮೊಟ್ಟೆ ಸಿಕ್ಕಿಕೊಂಡು. ನಮ್ಮ ಪಂಜರದ ನೆಲ ಏನು? ತೊಳೆಯಲು ಸುಲಭ ಅಂತ ಹಾಕಿದ ಪ್ಲಾಸ್ಟಿಕ್ ಹಲಗೆ. ಎರಡು ದಿನದಿಂದ ಅದನ್ನೇ ಕೆರೆಯುತ್ತಿದ್ದಳು.

ಮಾರನೇ ದಿನ, ಅಂದರೆ ಒಂಬತ್ತನೆಯ ದಿನ, ರಜೆ ಹಾಕಿ ಇಂಥ ಪ್ರಾಣಿಗಳನ್ನು ನೋಡುವ ಡಾಕ್ಟರ ಹತ್ತಿರ ಹೊರಟೆ. ಮಾಮೂಲಿ ನಾಯಿ-ಬೆಕ್ಕಿನ ಡಾಕ್ಟರು ಇದನ್ನು ಮುಟ್ಟುವುದಿಲ್ಲ. ನಲವತ್ತು ನಿಮಿಷದ ದಾರಿ. ಶೂ ಡಬ್ಬಿಯಂಥದ್ದರಲ್ಲಿ ಕೊಂಬೆ ಕಟ್ಟಿ, ಮೇಲೆ ಬಟ್ಟೆ ಮುಚ್ಚಿ, ಕಾರಿನ ಹೀಟರ್ ಹಾಕಿಕೊಂಡು ಹೋದೆ. ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿದರು, ಎಕ್ಸ್‌ರೇ ತೆಗೆದರು. ಪರದೆ ತಿರುಗಿಸಿ ತೋರಿಸಿದಾಗ ನನ್ನ ಬಾಯಿ ಒಣಗಿತು. ಹೊಟ್ಟೆ ತುಂಬ ಮೊಟ್ಟೆ. ದಾಳಿಂಬೆ ಹೋಳು ಮಾಡಿದ ಹಾಗೆ ಒತ್ತೊತ್ತಾಗಿ. ಹೊಟ್ಟೆಗೆ ಊಟ ಇಳಿಯಲು ಜಾಗವೇ ಇರಲಿಲ್ಲ, ಪಾಪ.

"ಕಣ್ಣು ಚೆನ್ನಾಗಿ ತೆರೆದಿದ್ದಾಳೆ, ಹಿಡಿತ ಗಟ್ಟಿ ಇದೆ. ಇನ್ನೂ ಸಮಯ ಇದೆ" ಅಂದರು. "ಇವತ್ತೇ ಮಣ್ಣು ಕೊಡು. ಹಗಲಲ್ಲಿ ಕಣ್ಣು ಮುಚ್ಚಿದರೆ, ಕಣ್ಣು ಗುಳಿ ಬಿದ್ದರೆ, ನೆಲದಲ್ಲೇ ಸುಮ್ಮನೆ ಬಿದ್ದುಕೊಂಡರೆ ಕಾಯಬೇಡ, ಕೂಡಲೇ ತಗೊಂಡು ಬಾ. ಮೊದಲು ಇಂಜೆಕ್ಷನ್, ಆಗದಿದ್ದರೆ ಆಪರೇಷನ್." ಕುಡಿಸಲು ಕ್ಯಾಲ್ಸಿಯಂ ಕೊಟ್ಟರು. ಆಮೇಲೆ ನನ್ನ ಶೀಟ್ ನೋಡಿ ತಲೆ ಆಡಿಸಿದರು. ಹೆಣ್ಣಿಗೆ 95 ಡಿಗ್ರಿ ಜಾಸ್ತಿಯಾಯಿತು, 85ರ ಆಸುಪಾಸು ಸಾಕು. ದಿನಕ್ಕೆ ಹನ್ನೆರಡು ಹುಳವೂ ಅತಿಯಾಯಿತು. ಹೆಚ್ಚು ಬಿಸಿ, ಹೆಚ್ಚು ಊಟ ಸಿಕ್ಕಷ್ಟೂ ಮೈ "ಒಳ್ಳೆ ಕಾಲ ಬಂದಿದೆ" ಅಂದುಕೊಂಡು ಹೆಚ್ಚು ಮೊಟ್ಟೆ ಕಟ್ಟುತ್ತದಂತೆ. ನಾವು ಪ್ರೀತಿಯಿಂದ ಹಾಕಿದ ಒಂದೊಂದು ಚಿಮ್ಮಂಡೆಯೂ ಅವಳ ಹೊಟ್ಟೆಯಲ್ಲಿ ಭಾರವಾಗಿ ಕೂತಿತ್ತು. ಬಿಲ್ಲು ಎಷ್ಟಾಯಿತು ಅಂತ ಅವ್ವನಿಗೆ ಹೇಳಿಲ್ಲ, ನಿಮಗೂ ಹೇಳುವುದಿಲ್ಲ :-(

ದಾರಿಯಲ್ಲೇ ಮಕ್ಕಳು ಆಡುವ ಮರಳಿನ ಮೂಟೆ, ಗೊಬ್ಬರ-ಔಷಧಿ ಸೇರಿಸದ ತೋಟದ ಮಣ್ಣು, ಒಂದಡಿ ಆಳದ ದೊಡ್ಡ ಟಬ್ಬು ತಗೊಂಡೆ. ಮರಳು ತೊಳೆದು ಮಣ್ಣಿನ ಜೊತೆ ಕಲಸಿದೆ. ಹದ ಹೇಗೆ ಅಂದರೆ ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ನೀರು ಒಸರಬಾರದು. ಬೆರಳು ಚುಚ್ಚಿ ತೆಗೆದರೆ ತೂತು ಕುಸಿಯದೆ ನಿಲ್ಲಬೇಕು. ಟಬ್ಬನ್ನು ಪಂಜರದ ತಳದಲ್ಲಿಟ್ಟು, ಅವಳು ಇಳಿಯಲು ಕೊಂಬೆ ಕೊಟ್ಟು, ಅವ್ವ ಕಳಿಸಿದ್ದ ದುಪ್ಪಟಿಯನ್ನು ಸುತ್ತಲೂ ಇಳಿಬಿಟ್ಟೆ.

ಹತ್ತನೇ ದಿನ ಮಧ್ಯಾಹ್ನ ಮೀಟಿಂಗ್ ನಡುವೆ ಮಣ್ಣು ಕೆರೆಯುವ ಸದ್ದು ಕೇಳಿಸಿತು. ಮ್ಯೂಟ್ ಮಾಡಿ ಓಡಿದೆ. ದುಪ್ಪಟಿಯ ಅಂಚು ಒಂದಿಂಚು ಸರಿಸಿದೆ, ಅಷ್ಟೇ. ತೂತಿನಿಂದ ತಲೆ ಹೊರಗಿತ್ತು, ಒಂದು ಕಣ್ಣು ನನ್ನ ಕಡೆ ತಿರುಗಿತು. ಅಲ್ಲಿಗೆ ಕೆಲಸ ನಿಲ್ಲಿಸಿ ಮೇಲೆ ಹತ್ತಿ ಹೋಗಿ ಕೂತಳು. ನನ್ನ ಕೆಟ್ಟ ಕುತೂಹಲಕ್ಕೆ ಒಂದು ಇಡೀ ದಿನ ಹಾಳು. ಆ ಸಂಜೆ ಹಳೇ ಫೋನೊಂದನ್ನು ದುಪ್ಪಟಿಯ ಒಳಗೆ ಜಾಲರಿಗೆ ಒರಗಿಸಿಟ್ಟು ಕ್ಯಾಮೆರಾ ಮಾಡಿದೆ. ಪಕ್ಕದ ಕೋಣೆಯಲ್ಲಿ ಕೂತು ನೋಡುವ ವ್ಯವಸ್ಥೆ.

ರಾತ್ರಿ ಮತ್ತೆ ಮೆಸೇಜು. "ತಿಂದನಾ?"

ಹತ್ತು ದಿನದ ಹತ್ತು ಸುಳ್ಳು ಒಟ್ಟಿಗೆ ಕುತ್ತಿಗೆಗೆ ಬಂದವು. ಅವಳು ಸತ್ತರೆ ನಾನು ಏನು ಹೇಳುವುದು? ನಿನ್ನೆವರೆಗೂ ತಿನ್ನುತ್ತಿದ್ದ ಅಂತಲೇ? ಫೋನ್ ಮಾಡಿದೆ. ಅವನಲ್ಲಿ ಬೆಳಿಗ್ಗೆ. ಎಲ್ಲ ಹೇಳಿದೆ. ಮೊದಲ ದಿನದಿಂದ.

ತುಂಬಾ ಹೊತ್ತು ಮಾತಿಲ್ಲ. ಬೈಯುತ್ತಾನೆ ಅಂದುಕೊಂಡೆ. "ಭೀಮ ಹೆಣ್ಣಾ?" ಅಂದ. ಅಷ್ಟು ದಿನದ ಮೇಲೆ ಮೊದಲ ಸಲ ಇಬ್ಬರೂ ನಕ್ಕೆವು.

ಆಮೇಲೆ ಅವನು ದನಿ ತಗ್ಗಿಸಿ ಹೇಳಿದ. "ನಾನೂ ಮನೇಲಿ ಹೇಳಿಲ್ಲ ಕಣೋ. ಕೆಲಸ ಹೋಗಿದ್ದು. ಇಲ್ಲಿಂದಲೇ ಕೆಲಸ ಮಾಡೋಕೆ ಕಂಪನಿಯವರು ಬಿಟ್ಟಿದ್ದಾರೆ ಅಂದಿದ್ದೀನಿ. ರಾತ್ರಿ ಎಂಟಕ್ಕೆ ಲ್ಯಾಪ್‌ಟಾಪ್ ತೆಗ್ದು ಕೂರ್ತೀನಿ, ಎರಡರವರೆಗೂ. ಅಮ್ಮ ಹನ್ನೊಂದಕ್ಕೆ ಎದ್ದು ಹಾಲು ಬಿಸಿ ಮಾಡಿ ತಂದಿಡ್ತಾಳೆ. ಅದನ್ನು ಕುಡಿಯೋಕಾಗಲ್ಲ ಕಣೋ, ಸಿಂಕಿಗೆ ಸುರೀತೀನಿ."

ನನಗೆ ಏನು ಹೇಳಬೇಕೋ ತೋಚಲಿಲ್ಲ. ಕಾಡಿನ ಪ್ರಾಣಿಗಳು ಕಾಯಿಲೆಯನ್ನು ತೋರಿಸಿಕೊಳ್ಳುವುದಿಲ್ಲ, ಸೊರಗಿದ್ದು ಕಂಡರೆ ಬೇಟೆಯವನಿಗೆ ಸುಲಭ, ಅದಕ್ಕೇ ಕೊನೆಯವರೆಗೂ ನೆಟ್ಟಗಿರುವಂತೆ ನಟಿಸುತ್ತವೆ ಎಂದು ಡಾಕ್ಟರಮ್ಮ ಬೆಳಿಗ್ಗೆ ಫೋನಿನಲ್ಲಿ ಎಚ್ಚರಿಸಿದ್ದರು. ಅದನ್ನು ಅವನಿಗೆ ಹೇಳಲಿಲ್ಲ. "ಅಮ್ಮಂಗಾದ್ರೂ ಹೇಳೋ" ಅಂದೆ. "ನೋಡ್ತೀನಿ. ನೀನು ಅವಳನ್ನ ನೋಡ್ಕೋ" ಅಂದ. "ಅವನನ್ನ" ಅನ್ನಲಿಲ್ಲ!

ಹನ್ನೊಂದನೇ ದಿನ ಬೆಳಿಗ್ಗೆ ಒಂಬತ್ತಕ್ಕೆ ಅವಳು ಕೆಳಗಿಳಿದಳು. ಅಗೆಯುವುದು, ಹಿಂಗಾಲಿನಿಂದ ಮಣ್ಣು ತಳ್ಳುವುದು, ನಿಲ್ಲುವುದು, ಮತ್ತೆ ಅಗೆಯುವುದು. ಮಧ್ಯಾಹ್ನದ ಹೊತ್ತಿಗೆ ಬಾಲದ ತುದಿ ಮಾತ್ರ ಕಾಣುತ್ತಿತ್ತು. ನಾಲ್ಕು ಗಂಟೆಗೆ ತಿರುಗಿ ತಲೆ ಮೇಲಾಗಿ ಕೂತಳು. ಅಲ್ಲಿಂದ ಅಲುಗಾಟವೇ ಇಲ್ಲ. ನಾನು ಇತ್ತ ಕೋಡ್ ರಿವ್ಯೂ ತೆರೆದಿಟ್ಟುಕೊಂಡು ಅತ್ತ ಫೋನಿನ ಪರದೆಯನ್ನೇ ನೋಡುತ್ತಿದ್ದೆ. ಗೆಳೆಯನಿಗೂ ಲಿಂಕ್ ಕಳಿಸಿದ್ದೆ. ಬೆಂಗಳೂರಿನಲ್ಲಿ ನಡುರಾತ್ರಿ, ಅವನೂ ಲ್ಯಾಪ್‌ಟಾಪ್ ಮುಂದೆ. ಆ ರಾತ್ರಿಯ ಮಟ್ಟಿಗೆ ಅವನು ನಿಜವಾಗಿಯೂ ಅಮೆರಿಕದ ಕೆಲಸವನ್ನೇ ಮಾಡುತ್ತಿದ್ದ. ಇಲ್ಲಿ ಏಳು ಗಂಟೆಗೆ ಅವಳು ಹೊರಗೆ ಬಂದು ಮಣ್ಣು ಮುಚ್ಚತೊಡಗಿದಳು. ಮುಚ್ಚಿ, ಕಾಲಿನಿಂದ ತಟ್ಟಿ, ಮತ್ತೆ ಮುಚ್ಚಿ. ನೋಡಿದವರಿಗೆ ಅಲ್ಲಿ ಏನೂ ನಡೆದೇ ಇಲ್ಲ ಅನ್ನಿಸಬೇಕು, ಹಾಗೆ. ಒಂಬತ್ತೂವರೆಗೆ ಕೊಂಬೆ ಹತ್ತಿದಳು. ಹೊಟ್ಟೆ ಖಾಲಿ ಚೀಲದ ಹಾಗೆ ಸುಕ್ಕುಗಟ್ಟಿತ್ತು, ಪಕ್ಕೆಲುಬು ಎಣಿಸಬಹುದಿತ್ತು.

ಬೆಳಿಗ್ಗೆ ಅರ್ಧ ಗಂಟೆ ನೀರು ಸಿಂಪಡಿಸಿದೆ, ಕುಡಿದೇ ಕುಡಿದಳು. ರೇಷ್ಮೆ ಹುಳವೊಂದನ್ನು ಎಲೆ ಮೇಲಿಟ್ಟು ಪಕ್ಕಕ್ಕೆ ಸರಿದೆ. ಎರಡು ಕಣ್ಣೂ ಒಂದೇ ಕಡೆ ಬಂದವು.

ಪಟ್!

ಸಂಜೆ ಮಣ್ಣು ಅಗೆದು ಎಣಿಸಿದೆ. 43 ಮೊಟ್ಟೆ. ಬೆಳ್ಳಗೆ, ಮೆತ್ತಗೆ, ಹುಣಸೆ ಬೀಜದಷ್ಟು. ಅವ್ವನಿಗೆ ಫೋಟೋ ಕಳಿಸಿದೆ. "ಬಾಣಂತಿಗೆ ಒಸಿ ಚೆನ್ನಾಗಿ ಹಾಕು" ಅಂತ ಉತ್ತರ ಬಂತು. ಅಂದಿನಿಂದ ಅವಳು ಭೀಮವ್ವ. ಶನಿ ಅನ್ನುವುದು ನಿಂತಿದೆ, ಈಗ ಫೋನ್ ಮಾಡಿದರೆ "ಉಂಡ್ಯಾ" ಆದ ಮೇಲೆ "ಅದು ಉಂಡದಾ" ಅಂತಲೂ ಕೇಳುತ್ತಾಳೆ.

ನಿಮ್ಮಲ್ಲಿ ಯಾರಾದರೂ ಹೊರದೇಶದಲ್ಲಿದ್ದು ಇದನ್ನು ಸಾಕುತ್ತಿದ್ದರೆ ಇಷ್ಟು ನೆನಪಿಡಿ. ಬೆಳೆದ ಗೋಸುಂಬೆ ಎರಡು-ಮೂರು ದಿನ ತಿನ್ನದಿದ್ದರೆ ಎದೆ ಒಡೆದುಕೊಳ್ಳಬೇಡಿ. ಬಿಸಿ, ಬೆಳಕು, ನೀರು, ಜಾಗ, ಈ ನಾಲ್ಕನ್ನು ನೋಡಿ. ತಿನ್ನದೆ ಬಿಟ್ಟ ಹುಳವನ್ನು ರಾತ್ರಿ ಪಂಜರದಲ್ಲಿ ಬಿಡಬೇಡಿ, ಅವು ಮಲಗಿದ ಗೋಸುಂಬೆಯನ್ನೇ ಕಚ್ಚುತ್ತವೆ. ಬಾಯಿ ಬಿಡಿಸಿ ತುರುಕಲು ಹೋಗಬೇಡಿ. ಹಗಲಲ್ಲಿ ಕಣ್ಣು ಮುಚ್ಚಿದರೆ ಮಾತ್ರ ತಡಮಾಡದೆ ಡಾಕ್ಟರ ಹತ್ತಿರ ಓಡಿ. ಹೆಣ್ಣಾಗಿದ್ದರೆ ಮಣ್ಣಿನ ಟಬ್ಬು ಯಾವಾಗಲೂ ಇರಲಿ. ಮತ್ತು ಮೊದಲನೆಯದಾಗಿ, ಹೆಣ್ಣೋ ಗಂಡೋ ನೀವೇ ನೋಡಿ!

ಈಗ ಜೂನ್. ಹುಳ ಕಮ್ಮಿ ಮಾಡಿ, ದೀಪ ಎತ್ತರಕ್ಕೇರಿಸಿದ ಮೇಲೆ ಕಳೆದ ವಾರ ಎರಡನೇ ಸಲ ಮೊಟ್ಟೆ ಇಟ್ಟಳು. 24. ಈ ಸಲ ಊಟ ಬಿಟ್ಟಾಗ ನಾನು ಹೆದರಲಿಲ್ಲ, ಮಣ್ಣಿಗೆ ಒಂದು ಚೊಂಬು ನೀರು ಹಾಕಿ ದುಪ್ಪಟಿ ಇಳಿಬಿಟ್ಟೆ.

ಗೆಳೆಯ ಮಾರ್ಚ್‌ನಲ್ಲಿ ಅಮ್ಮನಿಗೆ ಹೇಳಿದನಂತೆ. "ಗೊತ್ತಿತ್ತು, ದಿನಾ ಸಿಂಕಲ್ಲಿ ಹಾಲಿನ ಕೆನೆ ಅಂಟಿರ್ತಿತ್ತು" ಅಂದರಂತೆ ಅವರು. ಅಪ್ಪನಿಗೆ ಹೇಳಲು ಇನ್ನೂ ಎರಡು ವಾರ ಬೇಕಾಯಿತು. ಈಗ ಬೆಂಗಳೂರಿನಲ್ಲೇ ಕೆಲಸ ಸಿಕ್ಕಿದೆ, ಸಂಬಳ ಕಮ್ಮಿ, ವಾಪಸ್ ಬರುವ ಮಾತು ಸದ್ಯಕ್ಕೆ ಇಲ್ಲ. ಭೀಮವ್ವ ನನ್ನ ಹತ್ತಿರವೇ ಇರುತ್ತಾಳೆ ಅನ್ನುವುದನ್ನು ಇಬ್ಬರೂ ಬಾಯಿಬಿಟ್ಟು ಆಡಿಲ್ಲ. ಶೀಟ್‌ನ ಮೊದಲ ಸಾಲನ್ನು ಮಾತ್ರ ಅವನೇ ಅಲ್ಲಿಂದ ತಿದ್ದಿದ್ದಾನೆ.

ದಿನಾ ರಾತ್ರಿ ಮೆಸೇಜು ಬರುತ್ತದೆ. "ತಿಂದಳಾ?"

"ಇಲ್ಲ, ಇವತ್ತು ತಿನ್ನಲಿಲ್ಲ" ಅಂತಲೂ ಈಗ ಬರೆಯುತ್ತೇನೆ. ಆಮೇಲೆ ನಾನೂ ಕೇಳುತ್ತೇನೆ, "ನಿಂದು ಊಟ ಆಯ್ತಾ?"